ಮೊದಲು ಕೂಗುವ ಕಾವಲುಗಾರ

ಮೇ 2

ಪಿಟೀಲು,

ಪತ್ರ ಬರೆಯದೆ ತುಂಬ ದಿನವಾಯಿತು ಎಂದು ಬೈಯಬೇಡ. ಬೈಯಲೇಬೇಕೆಂದಿದ್ದರೆ ಕೊನೆಯವರೆಗೆ ಓದಿ ಆಮೇಲೆ ಬೈಯಿ, ಯಾಕೆಂದರೆ ಈ ಸಲ ನಿನ್ನಿಂದ ನನಗೆ ಕೆಲಸವಾಗಬೇಕಿದೆ.

ದೋಣಿ ಕಚೇರಿಯವರು ಕಡೆಗೂ ಹೇಳಿಬಿಟ್ಟರು. ಕುಡಿಯುವ ನೀರಿನ ನದಿಯಲ್ಲಿ ಇನ್ನು ಡೀಸೆಲ್ ದೋಣಿ ಓಡುವಂತಿಲ್ಲ. ಇಷ್ಟು ವರ್ಷ ನನ್ನ ಕಾಲಡಿಯಲ್ಲಿ ಗುಡುಗಿದ ಎಂಜಿನ್ನನ್ನು ಎತ್ತಿ ದಡದಲ್ಲಿಟ್ಟಿದ್ದೇನೆ. ಈಗ ಅದರ ಮೇಲೆ ಕಾಗೆ ಕೂರುತ್ತದೆ. ಅದರ ಜಾಗಕ್ಕೆ ಕರೆಂಟಿನ ಮೋಟರ್ ಬಂದಿದೆ. ಲಿಥಿಯಂ ಸೆಲ್‌ಗಳೂ ಬಂದಿವೆ, ಒಂದೊಂದೂ ದಪ್ಪ ಪುಸ್ತಕದಷ್ಟು. ಹಿಂದಿನ ಸೀಟಿನ ಕೆಳಗೆ ಪೆಟ್ಟಿಗೆ ಮಾಡಿ ಸಾಲಾಗಿ ಕೂರಿಸಿದ್ದೇನೆ. ನಿನ್ನ ಅತ್ತಿಗೆ ಟಿಕೆಟ್ ಗೂಡಿನಿಂದ ಈಚೆಗೆ ಬರುವುದನ್ನೇ ಬಿಟ್ಟಿದ್ದಾಳೆ. "ಅದು ಸಿಡಿದ್ರೆ ಮೊದಲು ಯಾರನ್ನ ಹುಡುಕ್ಬೇಕು ಹೇಳಿ" ಎಂದು ಕೇಳುತ್ತಾಳೆ.

ಈಗಿರುವ ತಲೆನೋವು ಬಿಎಂಎಸ್, ಅಂದರೆ ಬ್ಯಾಟರಿಯನ್ನು ನೋಡಿಕೊಳ್ಳುವ ಸಾಧನ. ಬ್ಯಾಟರಿ ಅಂಗಡಿಯವನು ಹೇಳಿದ್ದು ಇಷ್ಟು: "ಅದು ಕಾವಲುಗಾರ ಇದ್ದ ಹಾಗೆ. ಯಾವುದೇ ಒಂದು ಸೆಲ್ ಬಿಸಿಯಾದ್ರೂ, ಖಾಲಿಯಾದ್ರೂ ತಕ್ಷಣ ಕರೆಂಟ್ ಕಟ್."

"ನಡುನದೀಲಿ ಇದ್ರೆ?" ಎಂದೆ. ತಲೆ ಕೆರೆದುಕೊಂಡ. ಒಳಗೆ ಹೋಗಿ ಕೈಬೆರಳಿನಷ್ಟು ದಪ್ಪದ ಒಂದು ವೈರ್ ತಂದು ಕೊಟ್ಟ. "ಹಾಗೇನಾದ್ರೂ ಆದ್ರೆ ಇದನ್ನ ಈ ತುದಿಗೂ ಆ ತುದಿಗೂ ಹಾಕಿ. ಕಾವಲುಗಾರನ್ನ ದಾಟಿ ಕರೆಂಟ್ ಬರುತ್ತೆ."

ನಾವು ದಾಟುವ ಜಾಗದಿಂದ ಕೂಗಳತೆ ಕೆಳಗೆ ಒಡ್ಡು ಇರುವುದನ್ನು ನೀನು ಮರೆತಿರಲಾರೆ. ನದಿ ಏರಿದ ಮೇಲೆ ನಡುನೀರಿನಲ್ಲಿ ಮೋಟರ್ ನಿಂತರೆ ದೋಣಿ ಅದರ ಮೇಲಿಂದ ಬೀಳುತ್ತದೆ. ದೋಣಿ ತುಂಬ ಶಾಲೆಯ ಮಕ್ಕಳಿರುತ್ತಾರೆ. ಬ್ಯಾಟರಿಯನ್ನು ಉಳಿಸಲು ನಮ್ಮನ್ನು ಮುಳುಗಿಸುವ ಕಾವಲುಗಾರ ನನಗೆ ಬೇಡ. ಯಾವುದನ್ನು ತರಲಿ, ಹೇಳು. ಇಲ್ಲಿ ಫೋನಿನ ಲೈನು ಸರಿಯಿಲ್ಲ, ಪತ್ರವನ್ನೇ ಬರೆ.

ಅಣ್ಣ


ಮೇ 10

ಅಣ್ಣ,

ಆ ವೈರನ್ನು ಎಸೆ. ಈ ಪತ್ರವನ್ನು ಮಡಿಸಿಡುವ ಮೊದಲೇ ಎಸೆ. ಅದನ್ನು ಕೊಟ್ಟವನ ಮುಖಕ್ಕೇ ಎಸೆದರೆ ಇನ್ನೂ ಒಳ್ಳೆಯದು.

ನಾನಿಲ್ಲಿ ಮಾಡುವ ಕೆಲಸ ನಿನಗೆ ಗೊತ್ತು. ಯಾರೋ ಮಾಡಿದ ಬ್ಯಾಟರಿಗಳನ್ನು ಬೇಕೆಂದೇ ಕೆಡಿಸಿ, ಅವು ಹೇಗೆ ಉರಿಯುತ್ತವೆ ಎಂದು ನೋಡುವುದು. ಅದಕ್ಕೇ ನಮ್ಮನ್ನು ಊರಿನಿಂದ ಇಷ್ಟು ದೂರ, ಮೊಬೈಲ್ ಸಿಗದ ಗುಡ್ಡದ ಹಿಂದೆ ಇಟ್ಟಿದ್ದಾರೆ. ಒಂದು ಸೆಲ್ ಕೆಟ್ಟರೆ ಅದು ಒಂದೇ ಸಾಯುವುದಿಲ್ಲ. ಪಕ್ಕದ್ದನ್ನು ಬಿಸಿ ಮಾಡುತ್ತದೆ, ಅದು ತನ್ನ ಪಕ್ಕದ್ದನ್ನು. ಮೊದಲು ಬಿಳಿ ಹೊಗೆ, ಕೆಟ್ಟ ಸಿಹಿ ವಾಸನೆ. ಆ ಹೊಗೆಗೇ ಬೆಂಕಿ ಹತ್ತುತ್ತದೆ. ಆಮೇಲೆ ಓಡಲು ಸಮಯವಿರುವುದಿಲ್ಲ, ದೋಣಿಯಲ್ಲಿ ಓಡಲು ಜಾಗವೂ ಇಲ್ಲ. ಕಾವಲುಗಾರನನ್ನು ದಾಟಿಸಿ ಕರೆಂಟ್ ತೆಗೆಯುವುದೆಂದರೆ ಮಕ್ಕಳ ಸೀಟಿನ ಕೆಳಗೆ ಒಲೆ ಹಚ್ಚಿ, ಅದನ್ನು ಯಾರೂ ನೋಡಬಾರದು ಎಂದು ಹೇಳಿದ ಹಾಗೆ.

ಅಂಗಡಿಯವನ ಬಿಎಂಎಸ್ ಕೂಡ ಬೇಡ. ನಿಂತಲ್ಲಿಯೇ ನಿಂತಿರುವ ಸಾಮಾನಿಗೆ ಅದು ಸರಿ, ದೋಣಿಗಲ್ಲ. ನಾನು ಬೇರೆ ನೋಡುತ್ತೇನೆ. ಸೆಲ್ ಎಷ್ಟು, ಪೂರ್ತಿ ವೇಗದಲ್ಲಿ ಮೋಟರ್ ಎಷ್ಟು ಕರೆಂಟ್ ಎಳೆಯುತ್ತದೆ, ನದಿ ಏರಿದಾಗ ದಾಟಲು ಎಷ್ಟು ಹೊತ್ತು ಬೇಕು, ಎಲ್ಲ ಬರೆ. ಅಂದಾಜು ಬೇಡ, ಅಳೆದು ಬರೆ.

ಇನ್ನೊಂದು ಮಾತು. ಭಾನುವಾರ ಗೇಟಿನ ಫೋನಿಗೆ ಸಾಲಿನಲ್ಲಿ ನಿಂತು ನಿನಗೆ ಕರೆ ಮಾಡುತ್ತೇನೆ. ನೀನು ಎರಡು ಸಲ "ಹೂಂ" ಎಂದು ಇಟ್ಟುಬಿಡುತ್ತೀಯ. ನಾನು ಇಷ್ಟು ದೂರ ಬಂದದ್ದಕ್ಕೆ ಇನ್ನೂ ಕೋಪವಿದ್ದರೆ ಒಂದು ಸಲ ಗಟ್ಟಿಯಾಗಿ ಬೈದು ಮುಗಿಸು. ಈ "ಹೂಂ" ನನಗೆ ಸಾಕಾಗಿದೆ.

ಅಕ್ಷರ ನೋಡಿ ನಗಬೇಡ, ಆತುರದಲ್ಲಿದ್ದೇನೆ.

ನಿನ್ನ ತಂಗಿ


ಮೇ 17

ಪಿಟೀಲು,

ಅಕ್ಷರ ನೋಡಿ ನಕ್ಕೆ. ಕಾಗೆ ಕಾಲು, ಗುಬ್ಬಿ ಕಾಲು. ಸ್ಲೇಟಿನ ಮೇಲೆ ನಿನ್ನ ಕೈ ಹಿಡಿದು ತಿದ್ದಿಸಿದವನು ನಾನು. ಎಂಜಿನಿಯರಮ್ಮ ಹೀಗೆ ಬರೆಯುತ್ತಾಳೆ ಎಂದರೆ ನನ್ನ ಮಾನ ಹೋಗುತ್ತದೆ. ಅಷ್ಟೊಂದು ಆತುರದ ಕೆಲಸ ಯಾವುದು?

ನೀನು ಕೇಳಿದ್ದನ್ನೆಲ್ಲ ಹಿಂದಿನ ಪುಟದಲ್ಲಿ ಬರೆದಿದ್ದೇನೆ, ಅಳೆದೇ ಬರೆದದ್ದು. ವೈರ್ ಎಸೆದಿದ್ದೇನೆ ಎಂದುಕೋ.

ಬೆಂಕಿಯ ಮಾತು ಹೇಳಿ ನನ್ನನ್ನು ಹೆದರಿಸಿದೆ, ಸರಿ. ಈಗ ನನ್ನದನ್ನೂ ಕೇಳು. ನಾನು ಮೀಸೆ ಮೂಡದ ವಯಸ್ಸಿನಲ್ಲಿ ಇನ್ನೊಬ್ಬರ ದೋಣಿಯಲ್ಲಿ ಹಗ್ಗ ಕಟ್ಟುತ್ತಿದ್ದಾಗ, ಮರಳು ತುಂಬಿದ ಒಂದು ದೋಣಿಯ ಎಂಜಿನ್ ನಡುನದಿಯಲ್ಲಿ ಕೈಕೊಟ್ಟಿತು. ಅದರಲ್ಲಿ ಇಬ್ಬರಿದ್ದರು. ಅವರು ಕೂಗಲೂ ಇಲ್ಲ. ನೀರಿಗೆ ಕೈ ಹಾಕಿ ಹುಟ್ಟು ಹಾಕುವಂತೆ ಎಳೆಯುತ್ತಿದ್ದರು. ಒಡ್ಡಿನ ಅಂಚಿಗೆ ಬಂದು ದೋಣಿ ಒಂದು ಗಳಿಗೆ ನಿಂತ ಹಾಗೆ ಕಂಡಿತು. ಬಚಾವಾದರು ಎಂದು ನಾವು ದಡದಲ್ಲಿ ನಗುವಷ್ಟರಲ್ಲಿ ಅದರ ಮೂತಿ ಕೆಳಗಾಯಿತು. ಇವತ್ತಿಗೂ ನದಿ ಏರಿದರೆ ನನಗೆ ಊಟ ಸೇರುವುದಿಲ್ಲ. ಇದನ್ನು ನಿನ್ನ ಅತ್ತಿಗೆಗೂ ಹೇಳಿಲ್ಲ.

ಡೀಸೆಲ್ ಎಂಜಿನ್ ನಿಲ್ಲುವ ಮೊದಲು ಕೆಮ್ಮುತ್ತಿತ್ತು, ತಿಣುಕುತ್ತಿತ್ತು. ಅಂಗಾಲಿಗೇ ತಿಳಿಯುತ್ತಿತ್ತು. ಲಂಗರು ಬಿಡಲು, ದಡಕ್ಕೆ ತಿರುಗಿಸಲು ಸಮಯ ಸಿಗುತ್ತಿತ್ತು. ಇದು ಹೇಳದೆ ಕೇಳದೆ ನಿಲ್ಲುತ್ತದೆ ಎನ್ನುವುದೇ ನನ್ನ ಹೆದರಿಕೆ. ಹೇಳಿ ನಿಲ್ಲುವಂಥದ್ದು ಇದ್ದರೆ ಹುಡುಕು.

ಕೋಪ ಗೀಪ ಏನೂ ಇಲ್ಲ. ಲೈನು ಸರಿಯಿಲ್ಲ ಎಂದು ಹೇಳಿದ್ದೇನಲ್ಲ.

ಅಣ್ಣ


ಮೇ 26

ಅಣ್ಣ,

ಸಿಕ್ಕಿತು.

ಮೂರು ಬಿಎಂಎಸ್‌ಗಳನ್ನು ಮೇಜಿನ ಮೇಲಿಟ್ಟು ಒಂದು ವಾರ ಕಾಡಿದೆ. ಒಂದು, ಎರಡೇ ಕಡೆ ಬಿಸಿ ನೋಡುತ್ತದೆ. ನಿನ್ನಷ್ಟು ದೊಡ್ಡ ಪ್ಯಾಕಿಗೆ ಅದು ಮೂಲೆಯಲ್ಲಿ ಕೂತು ನಿದ್ದೆ ಹೊಡೆಯುವ ಕಾವಲುಗಾರ. ಇನ್ನೊಂದು ಚುರುಕಾಗಿದೆ, ಆದರೆ ನಿನ್ನ ಅಂಗಡಿಯವನದರಂತೆ ಕೇಳದೆ ಕಡಿಯುತ್ತದೆ. ಮೂರನೆಯದು ಪ್ರತಿ ಸೆಲ್ಲನ್ನೂ ಬೇರೆಬೇರೆಯಾಗಿ ನೋಡುತ್ತದೆ, ಸೆಲ್‌ಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳ ಹತ್ತಿರವೂ ಬಿಸಿ ಅಳೆಯುತ್ತದೆ. ಮುಖ್ಯವಾಗಿ, ನಿನ್ನ ಹಳೆಯ ಎಂಜಿನ್ನಿನಂತೆ ಮೊದಲೇ ಕೆಮ್ಮುತ್ತದೆ! ತಪ್ಪು ಕಂಡರೆ ಮೊದಲು ಕೂಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮೋಟರಿನ ಬಲವನ್ನು ಅರ್ಧ ಮಾಡುತ್ತದೆ. ಆಗಲೂ ತಪ್ಪು ಸರಿಯಾಗದಿದ್ದರೆ ಮಾತ್ರ ಕಡಿಯುತ್ತದೆ. ಅಷ್ಟರಲ್ಲಿ ನೀನು ನಡುನದಿಯಿಂದ ಯಾವುದಾದರೂ ಒಂದು ದಡ ಸೇರುವ ಹಾಗೆ, ನೀನು ಕೊಟ್ಟ ಲೆಕ್ಕ ನೋಡಿ ಹೊತ್ತು ಇಟ್ಟಿದ್ದೇನೆ. ನಿನ್ನ ನೀರಿಗೂ ನನ್ನ ಬೆಂಕಿಗೂ ನಡುವೆ ಸಿಕ್ಕ ದಾರಿ ಇದೊಂದೇ. ಕೂಗಿದ ತಕ್ಷಣ ದಡಕ್ಕೆ ತಿರುಗಿಸು. ಏನಾಯಿತು ಎಂದು ಪೆಟ್ಟಿಗೆ ತೆರೆದು ನೋಡುತ್ತ ಕೂರಬೇಡ.

ಕೂಗುವುದಕ್ಕೆ ಅದರಲ್ಲಿ ಮೂರು ದನಿಗಳಿವೆ: ದಪ್ಪ, ನಡುವಿನದು, ತೆಳ್ಳನೆಯದು. ಗಾಳಿ, ನೀರು, ಮಕ್ಕಳ ಗಲಾಟೆ ಎಲ್ಲವನ್ನೂ ಸೀಳಿಕೊಂಡು ಬರಲಿ ಎಂದು ಇರುವುದರಲ್ಲಿ ಅತಿ ತೆಳ್ಳನೆಯದನ್ನು ಆರಿಸಿದ್ದೇನೆ. ಇಲ್ಲಿ ಒಂದು ಸಲ ಕೂಗಿಸಿದಾಗ ಪಕ್ಕದ ಕೋಣೆಯವರು ಎದ್ದು ಬಂದರು. ನಾನೇ ನಿನ್ನ ಪಕ್ಕದಲ್ಲಿ ಕೂತು ಕಿರುಚಿದ ಹಾಗೆ ಇದೆ. ತೊಟ್ಟಿಲಲ್ಲೇ ನನಗೆ ಪಿಟೀಲು ಎಂದು ಹೆಸರಿಟ್ಟೆಯಲ್ಲ, ಈಗ ಅನುಭವಿಸು.

ಪಾರ್ಸೆಲ್ ಹೊರಟಿದೆ. ವೈರಿಂಗಿನವನಿಗೆ ನಕ್ಷೆ ಒಳಗಿದೆ.

ನಿನ್ನ ತಂಗಿ


ಜೂನ್ 9

ಪಿಟೀಲು,

ಪೆಟ್ಟಿಗೆ ಬಂತು, ಕೂತಿತು, ದೋಣಿ ಓಡುತ್ತಿದೆ! ವೈರಿಂಗಿನವನು ನಿನ್ನ ನಕ್ಷೆ ನೋಡಿ, "ಇಷ್ಟು ಚೆನ್ನಾಗಿ ಬರೆದವರು ಯಾರು?" ಎಂದ. ನನ್ನ ತಂಗಿ ಎಂದೆ. ಚಿತ್ರಕ್ಕೆ ಮಾರ್ಕು, ಅಕ್ಷರಕ್ಕೆ ಸೊನ್ನೆ.

ಕಚೇರಿಯವನು ಪರೀಕ್ಷೆಗೆ ಬಂದಿದ್ದ. ನಾನು ಬೀಗದ ಕೈ ತಿರುಗಿಸಿದೆ. ಅವನು ಏನೋ ಗುರುತು ಹಾಕಿಕೊಂಡು ತಲೆಯಾಡಿಸಿದ, ನಾನೂ ತಲೆಯಾಡಿಸಿದೆ. ಆಚೆ ದಡಕ್ಕೆ ಹೋಗಿ ಬಂದೆವು. ಲೈಸೆನ್ಸ್ ಕೊಟ್ಟ.

ಈ ಮೌನ ನನಗೆ ಹೊಸದು. ಬೀಗದ ಕೈ ತಿರುಗಿಸಿದರೆ ಒಂದು ಸದ್ದಿಲ್ಲ, ಹೊರಟರೂ ಸದ್ದಿಲ್ಲ. ಎಷ್ಟೋ ಸಲ ಮೋಟರ್ ಓಡುತ್ತಿದೆಯೋ ಇಲ್ಲವೋ ಎಂದು ಹಿಂದಿನ ನೀರು ನೋಡಿ ತಿಳಿದುಕೊಳ್ಳುತ್ತೇನೆ. ದಿನಕ್ಕೆ ಎಷ್ಟು ಸಲ ಆ ಕಡೆ ಈ ಕಡೆ ಹೋದರೂ ನಿನ್ನ ಪೆಟ್ಟಿಗೆ ಇದುವರೆಗೆ ಬಾಯಿ ಬಿಟ್ಟಿಲ್ಲ. ನಿನಗಿಂತ ಸಾವಿರ ಪಾಲು ಒಳ್ಳೆಯ ಸ್ವಭಾವ.

ನದಿ ಏರುತ್ತಿದೆ, ಬಣ್ಣವೂ ತಿರುಗಿದೆ. ಆದರೆ ಈ ವರ್ಷ ಎರಡು ಹೊತ್ತೂ ಊಟ ಮಾಡುತ್ತಿದ್ದೇನೆ. ಅದಕ್ಕೆ ನೀನೇ ಕಾರಣ ಎಂದು ಅತ್ತಿಗೆ ಹೇಳುತ್ತಾಳೆ.

ಅಣ್ಣ


ಜೂನ್ 15

ಅಣ್ಣ,

ನಿನ್ನ ಪತ್ರ ಈಗ ಬಂತು. ಓದುತ್ತ ಓದುತ್ತ ನಗುತ್ತಿದ್ದವಳು ಒಂದು ಸಾಲಿಗೆ ಬಂದು ನಿಂತುಬಿಟ್ಟೆ.

ಬೀಗದ ಕೈ ತಿರುಗಿಸಿದರೆ ಒಂದು ಸದ್ದಿಲ್ಲ ಎಂದು ಬರೆದಿದ್ದೀಯ. ಸದ್ದು ಆಗಲೇಬೇಕು ಅಣ್ಣ. ಪ್ರತಿ ಸಲ ತಿರುಗಿಸಿದಾಗಲೂ ತನ್ನ ಗಂಟಲು ಸರಿಯಿದೆ ಎಂದು ತೋರಿಸಲು ಅದು ಒಂದು ಸಲ ಕಿರುಚುತ್ತದೆ. ಕೇಳಿದರೆ ತಾನೇ ತಿಳಿಯುತ್ತದೆ ಎಂದು ನಾನು ಅದನ್ನು ಬರೆಯಲಿಲ್ಲ. ಎಂಥ ದಡ್ಡಿ ನಾನು.

ಅಂದರೆ ಕೂಗುವ ತುಂಡಿನ ವೈರ್ ಬಿಟ್ಟಿರಬೇಕು, ಇಲ್ಲವೇ ದಾರಿಯಲ್ಲಿ ಅದು ಕೆಟ್ಟಿರಬೇಕು. ಉಳಿದದ್ದೆಲ್ಲ ಕೆಲಸ ಮಾಡುತ್ತಿದೆ. ತಪ್ಪು ಕಂಡರೆ ಬಲ ಅರ್ಧವಾಗುತ್ತದೆ, ಆಮೇಲೆ ಕಡಿಯುತ್ತದೆ, ನಿನಗೆ ಮಾತ್ರ ಯಾರೂ ಹೇಳುವುದಿಲ್ಲ. ನೀನು ಯಾವುದಕ್ಕೆ ಹೆದರಿದ್ದೆಯೋ ಅದನ್ನೇ ನಾನು ಡಬ್ಬದಲ್ಲಿ ಹಾಕಿ ಕಳಿಸಿದ ಹಾಗಾಗಿದೆ.

ಅದು ಕೂಗುವುದನ್ನು ಕಿವಿಯಾರೆ ಕೇಳುವವರೆಗೆ ಒಬ್ಬರನ್ನೂ ಹತ್ತಿಸಬೇಡ. ಪತ್ರ ತಲುಪಲು ದಿನ ಹಿಡಿಯುತ್ತದೆ, ಗೇಟಿನವರು ಭಾನುವಾರಕ್ಕೆ ಮೊದಲು ಫೋನ್ ಕೊಡುವುದಿಲ್ಲವಂತೆ. ಭಾನುವಾರ ಫೋನ್ ಮಾಡುತ್ತೇನೆ. ದಯವಿಟ್ಟು ಎತ್ತು.

ನಿನ್ನ ತಂಗಿ


ಜೂನ್ 18, ಭಾನುವಾರ

ಅಣ್ಣ,

ಈಗಷ್ಟೇ ನಿನ್ನ ಜೊತೆ ಮಾತಾಡಿ ಬಂದು ಬರೆಯುತ್ತಿದ್ದೇನೆ. ಮಾತಾಡಿದೆ ಎನ್ನುವುದು ಸುಳ್ಳು.

"ಕೂಗೋ ಪೆಟ್ಟಿಗೆ ಕೆಟ್ಟಿದೆ, ಜನ ಹತ್ತಿಸ್ಬೇಡ" ಎಂದೆ. ನೀನು "ಆಯ್ತು ಆಯ್ತು" ಎಂದೆ. ಜೀವ ಬಂದ ಹಾಗಾಯಿತು. "ಯಾವ ವೈರ್ ಬಿಟ್ಟಿತ್ತು?" ಎಂದು ಕೇಳಿದೆ. "ಆಯ್ತು" ಎಂದೆ. "ಅಣ್ಣ, ನಾನು ಹೇಳಿದ್ದು ಕೇಳಿಸ್ತಾ ಇದೆಯಾ?" ಎಂದೆ. "ಆಯ್ತು ಪಿಟೀಲು, ಆರೋಗ್ಯ ನೋಡ್ಕೋ" ಎಂದು ಇಟ್ಟುಬಿಟ್ಟೆ.

ಲೈನು ಸರಿಯಾಗಿತ್ತು. ನಿನ್ನ ಹಿಂದೆ ಯಾವುದೋ ಬಾಗಿಲು ಹಾಕಿಕೊಂಡ ಸದ್ದೂ ನನಗೆ ಕೇಳಿಸಿತು.

ವೈರ್ ಬಿಟ್ಟಿಲ್ಲ. ಪೆಟ್ಟಿಗೆ ಕೆಟ್ಟಿಲ್ಲ. ಅದು ದಿನವೂ ಕಿರುಚುತ್ತಿದೆ, ಕಚೇರಿಯವನು ಅದನ್ನು ಕೇಳಿಯೇ ಗುರುತು ಹಾಕಿಕೊಂಡದ್ದು. ನಿನಗೆ ಕೇಳುವುದಿಲ್ಲ. ಅಲ್ಲವೇ ಅಣ್ಣ? ಆ ಎಂಜಿನ್ ನಿನ್ನ ಕಿವಿಯಿಂದ ಮೊದಲು ತೆಳ್ಳನೆಯ ದನಿಗಳನ್ನು ತಿಂದಿದೆ. ನನ್ನ ದನಿಯನ್ನೂ ತಿಂದಿದೆ. ನಾನು ಅದನ್ನು ಕೋಪ ಎಂದುಕೊಂಡೆ. ಮೂರು ದನಿಗಳಲ್ಲಿ ನಿನಗೆ ಕೇಳದ ಒಂದನ್ನೇ ಹುಡುಕಿ ಆರಿಸಿದೆ.

ಮತ್ತೆ ಕರೆ ಮಾಡಿದೆ, ಯಾರೂ ಎತ್ತಲಿಲ್ಲ. ದೋಣಿ ಕಚೇರಿಗೆ ಮಾಡಿದೆ, ಭಾನುವಾರ, ಬೀಗ. ನಾಳೆ ಗೇಟಿನವರ ಕಾಲಿಗೆ ಬಿದ್ದಾದರೂ ಕಚೇರಿಗೆ ಫೋನ್ ಮಾಡುತ್ತೇನೆ. ನಿನ್ನ ಲೈಸೆನ್ಸ್ ಹೋದರೆ ಹೋಗಲಿ. ನನ್ನನ್ನು ಜನ್ಮವಿಡೀ ಬೈದುಕೋ, ಆದರೆ ಬದುಕಿರು.

ಆ ವೈರ್ ನಿನ್ನ ಹತ್ತಿರವೇ ಇದೆ ಎಂದೂ ನನಗೆ ಗೊತ್ತು. "ಎಸೆದಿದ್ದೇನೆ ಎಂದುಕೋ" ಎಂದು ಬರೆಯುವವನು ಎಸೆದಿರುವುದಿಲ್ಲ. ಅದಕ್ಕೇ ನಾನು ಮುಚ್ಚಿಟ್ಟದ್ದನ್ನೂ ಹೇಳಿಬಿಡುತ್ತೇನೆ. ಏಪ್ರಿಲ್‌ನಲ್ಲಿ ನಾವು ಅಂಥದೇ ವೈರ್ ಹಾಕಿ, ಕಾವಲುಗಾರನನ್ನು ದಾಟಿಸಿ ಒಂದು ಪ್ಯಾಕನ್ನು ಪರೀಕ್ಷೆ ಮಾಡಿದೆವು. ಆರಿತು ಎಂದುಕೊಂಡು ನಾನು ಬಾಗಿಲು ತೆರೆದೆ, ಆರಿರಲಿಲ್ಲ. ಬಲಗೈ ಮೊಣಕೈವರೆಗೆ ಬೆಂದಿದೆ. ಬೆರಳು ಮಡಿಸಲು ಇನ್ನೂ ಆಗುವುದಿಲ್ಲ. ನಿನಗೆ ಹೇಳಿದರೆ ದೋಣಿ ಬಿಟ್ಟು ಬಂದುಬಿಡುತ್ತೀಯ ಎಂದು ಹೇಳಲಿಲ್ಲ. ಅದನ್ನು ಹಾಕಬೇಡ.

ನಿನ್ನ ತಂಗಿ


ಜೂನ್ 20

ಪಿಟೀಲು,

ಎಲ್ಲರೂ ಬದುಕಿದ್ದೇವೆ. ಮೊದಲು ಅದನ್ನು ಓದಿಕೋ. ಆಮೇಲೆ ಕೂತುಕೊಂಡು ಉಳಿದದ್ದನ್ನು ಓದು.

ನಿನ್ನೆ ಬೆಳಗಿನ ದೋಣಿ. ಶಾಲೆಯ ಮಕ್ಕಳು, ಆಚೆ ದಡದ ಆಸ್ಪತ್ರೆಗೆ ಹೋಗುವ ನರ್ಸಮ್ಮ, ಸೈಕಲ್ ಹಿಡಿದ ಇಬ್ಬರು. ನದಿ ತುಂಬಿ ಕೆಂಪಾಗಿ ಹರಿಯುತ್ತಿತ್ತು. ಮೊದಲ ಕಾಲುಭಾಗ ಚೆನ್ನಾಗಿ ಹೋದೆವು. ಆಮೇಲೆ ದೋಣಿ ನಿಧಾನವಾಯಿತು. ನಾನು ನದಿಯ ಸೆಳೆತ ಹೆಚ್ಚಿದೆ ಎಂದುಕೊಂಡು ಹಿಡಿಯನ್ನು ಪೂರ್ತಿ ಮುಂದಕ್ಕೆ ತಳ್ಳಿದೆ. ನೀನು ಬಲ ಅರ್ಧವಾಗುತ್ತದೆ ಎಂದು ಬರೆದಿದ್ದೆ. ಆದರೆ ಕೂಗಿದ ಮೇಲೆ ತಾನೇ ಅರ್ಧವಾಗುವುದು? ಕೂಗಿಲ್ಲವಲ್ಲ ಎಂದು ನೆಮ್ಮದಿಯಾಗಿದ್ದೆ.

ಯಾರೋ ಬೆನ್ನು ತಟ್ಟಿದರು. ತಿರುಗಿದರೆ ನರ್ಸಮ್ಮ. ಅವಳ ತುಟಿ ನೋಡಿಕೊಂಡೇ ಕೇಳಿಸಿಕೊಂಡೆ. "ಯಜಮಾನ್ರೇ, ಆವಾಗ್ಲಿಂದ ಕೂಗ್ತಾ ಇದೆ. ನೀವ್ಯಾಕೆ ಸುಮ್ನಿದ್ದೀರಾ?"

"ಏನು ಕೂಗ್ತಾ ಇದೆ?" ಎಂದೆ.

ಅವಳು ಮಕ್ಕಳ ಕಡೆ ಕೈ ತೋರಿಸಿದಳು. ಮಕ್ಕಳೆಲ್ಲ ಎರಡೂ ಕಿವಿ ಮುಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದರು. ಇಡೀ ದೋಣಿಗೆ ಕೇಳುತ್ತಿದ್ದದ್ದು ಚುಕ್ಕಾಣಿ ಹಿಡಿದವನೊಬ್ಬನಿಗೆ ಕೇಳುತ್ತಿರಲಿಲ್ಲ. ಹೊಸ ದೋಣಿ, ಹೀಗೇ ಕೂಗುತ್ತದೇನೋ ಎಂದು ಅವರು ಸುಮ್ಮನಿದ್ದರಂತೆ. ನಾನು ಚುಕ್ಕಾಣಿ ತಿರುಗಿಸುವಷ್ಟರಲ್ಲಿ ಮೋಟರ್ ನಿಂತಿತು.

ಆಗ ನನಗೆ ಒಡ್ಡಿನ ಸದ್ದು ಕೇಳಿಸಿತು. ಅದೊಂದು ಚೆನ್ನಾಗಿ ಕೇಳುತ್ತದೆ ನನಗೆ, ದಪ್ಪ ಸದ್ದಲ್ಲವೇ.

ಲಂಗರು ಬಿಟ್ಟೆ. ಹಿಡಿಯಲಿಲ್ಲ. ತಳದ ಮರಳಿನಲ್ಲಿ ಎಳೆದುಕೊಂಡೇ ಬಂತು. ಆಗ ಎಲ್ಲಿತ್ತೋ ಏನೋ, ಆ ವೈರ್ ನನ್ನ ಕೈಯಲ್ಲಿತ್ತು. ಸೀಟಿನ ಕೆಳಗಿನ ಪೆಟ್ಟಿಗೆ ತೆರೆದೆ. ಬಿಸಿ ಹಬೆ ಮುಖಕ್ಕೆ ಬಡಿಯಿತು. ಒಂದು ತಾಮ್ರದ ಪಟ್ಟಿಯ ಹತ್ತಿರ ಪ್ಲಾಸ್ಟಿಕ್ ಕಪ್ಪಾಗಿತ್ತು. ಒಂದು ತುದಿ ಸಿಕ್ಕಿಸಿದೆ. ಇನ್ನೊಂದು ತುದಿಯನ್ನೂ ಮುಟ್ಟಿಸಿದ್ದರೆ ಮೋಟರ್ ಓಡುತ್ತಿತ್ತು. ಸೈಕಲ್ಲಿನವನು, "ಹಾಕಿ, ಹಾಕಿ, ಸಾಯ್ತೀವಿ" ಎಂದು ಕೂಗುತ್ತಿದ್ದ. ಅವನ ದನಿ ದಪ್ಪ, ಕೇಳಿಸಿತು.

ನಿನ್ನ ಕೈ ನೆನಪಾಯಿತು.

ಮೇ ತಿಂಗಳಲ್ಲೇ ನನಗೆ ಗೊತ್ತಾಗಿತ್ತು. ಅದು ಆತುರದ ಅಕ್ಷರವಲ್ಲ, ಎಡಗೈಯ ಅಕ್ಷರ. ಬ್ಯಾಟರಿ ಉರಿಸುವವಳು ಎಡಗೈಯಲ್ಲಿ ಬರೆದರೆ ಬಲಗೈ ಸುಟ್ಟಿದೆ ಎಂದೇ ಅರ್ಥ. ನಿನ್ನ ಕೈ ಹಿಡಿದು ತಿದ್ದಿಸಿದವನಿಗೆ ಗೊತ್ತಾಗುವುದಿಲ್ಲವೇ? ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಿದರೆ ನೀನು ಫೋನಿನಲ್ಲಿ ಹೇಳಲು ಬರುತ್ತಿದ್ದೆ, ಆಗ ನನ್ನದು ಹೊರಬೀಳುತ್ತಿತ್ತು. ಅಷ್ಟು ಹೇಡಿ ನಾನು. ನಕ್ಕು ಕಾಗೆ ಕಾಲು ಎಂದೆ.

ಬೆಂಕಿ ಬಿದ್ದರೆ ಏನಾಗುತ್ತದೆ ಎಂದು ಗೊತ್ತಿದ್ದೂ ಇಷ್ಟು ಮಕ್ಕಳ ಕೆಳಗೆ ಅದನ್ನು ಹಚ್ಚಲು ಕೈ ಬರಲಿಲ್ಲ. ವೈರನ್ನು ಕಿತ್ತು ನದಿಗೆ ಎಸೆದೆ. ಈ ಸಲ ನಿಜವಾಗಿಯೂ ಎಸೆದೆ. ಸೈಕಲ್ಲಿನವನು ನನ್ನ ಕೊರಳಪಟ್ಟಿ ಹಿಡಿದ. ನರ್ಸಮ್ಮ ಅವನನ್ನು ಬಿಡಿಸಿ, ಎಲ್ಲರನ್ನೂ ಮುಂದಿನ ತುದಿಗೆ ಕೂರಿಸಿದಳು. ಲಂಗರಿನ ಹಗ್ಗಕ್ಕೆ ನಾನು ಇನ್ನೊಂದು ಹಗ್ಗ ಗಂಟು ಹಾಕಿ ಉದ್ದಕ್ಕೆ ಬಿಟ್ಟೆ. ಉದ್ದವಾದಷ್ಟೂ ಲಂಗರು ಚೆನ್ನಾಗಿ ಕಚ್ಚುತ್ತದೆ ಎಂದು ಗೊತ್ತಿತ್ತು, ಆದರೆ ಹಗ್ಗ ಬಿಟ್ಟಷ್ಟೂ ಒಡ್ಡಿಗೆ ಹತ್ತಿರ ಹೋಗುತ್ತೇವೆ ಎನ್ನುವುದೂ ಗೊತ್ತಿತ್ತು. ಒಂದು ಮಗು ನನ್ನ ಅಂಗಿ ಹಿಡಿದುಕೊಂಡು ಏನೋ ಕೇಳುತ್ತಲೇ ಇತ್ತು. ಬಾಯಿ ಅಲ್ಲಾಡುವುದು ಕಾಣುತ್ತಿತ್ತು, ಅಷ್ಟೆ. ಪಿಟೀಲು, ಆ ಮಗು ಏನು ಕೇಳಿತೋ ನನಗೆ ಇನ್ನೂ ಗೊತ್ತಿಲ್ಲ.

ಒಡ್ಡಿನ ಮುಂದೆ ಎಚ್ಚರಿಕೆಗೆಂದು ತೇಲಿಬಿಟ್ಟ ಕೆಂಪು ಡ್ರಮ್ಮುಗಳ ಹತ್ತಿರ ಲಂಗರು ಕಚ್ಚಿತು. ದೋಣಿ ಒಂದು ಸಲ ಜಗ್ಗಿ ನಿಂತಿತು. ಆ ಮರಳಿನ ದೋಣಿಯೂ ಹೀಗೇ ನಿಂತಿತ್ತಲ್ಲ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಮೀನಿನವರ ದೋಣಿ ಬಂದು ಎಳೆಯುವವರೆಗೆ ಕಣ್ಣು ತೆರೆಯಲಿಲ್ಲ.

ದಡದಲ್ಲಿ ಕಚೇರಿಯವರೆಲ್ಲ ಹಗ್ಗ ಹಿಡಿದು ನಿಂತಿದ್ದರು. ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತಂತೆ. ನೀನು ಮಾಡಿದ್ದು. ಏನು ಹೇಳಿದೆಯೋ ಗೊತ್ತಿಲ್ಲ, ಎತ್ತಿದವನು ನನ್ನ ಹತ್ತಿರ ಬಂದು ಕಿವಿಗೆ ಬಾಯಿಟ್ಟು, "ನಿಮ್ಮ ತಂಗಿ ಅಳ್ತಾ ಇದಾರೆ" ಎಂದ.

ವೈರಿಂಗಿನವನು ನೋಡಿದ. ದೋಣಿಯ ನಡುಕಕ್ಕೆ ಒಂದು ನಟ್ಟು ಸಡಿಲವಾಗಿತ್ತು. ಅಲ್ಲಿಂದ ಬಿಸಿ. ನಿನ್ನ ಕಾವಲುಗಾರ ಸರಿಯಾಗಿಯೇ ಕಡಿದ. ಕೂಗಿಯೂ ಇದ್ದ.

ನಿನ್ನ ಹೊಸ ಪತ್ರ ಯಾವುದೂ ಇನ್ನೂ ಬಂದಿಲ್ಲ. ಕೈ ಹೇಗಿದೆ?

ಅಣ್ಣ


ಜೂನ್ 27

ಅಣ್ಣ,

ಪತ್ರ ಓದಿ ಅತ್ತೆ. ಆಮೇಲೆ ನಿನ್ನ ಮೇಲೆ ಎಂಥ ಸಿಟ್ಟು ಬಂತೆಂದರೆ ಬಲಗೈಯಲ್ಲಿ ಲೋಟ ಎತ್ತಿ ಎಸೆಯಲು ಹೋದೆ. ಎತ್ತಲು ಬಂತು. ಡಾಕ್ಟರಿಗೆ ಹೇಳಿದರೆ ಸಂತೋಷಪಟ್ಟರು.

ಈಗ ಹೇಳಿದಷ್ಟು ಕೇಳು. ಒಂದೇ ಪ್ಯಾಕ್ ಬೇಡ. ಸೆಲ್‌ಗಳನ್ನು ಎರಡು ಪಾಲು ಮಾಡಿ, ಎರಡು ಪೆಟ್ಟಿಗೆಯಲ್ಲಿ, ಎರಡು ಬಿಎಂಎಸ್ ಹಾಕು. ಒಂದು ಕಡಿದರೂ ಇನ್ನೊಂದು ನಿನ್ನನ್ನು ದಡಕ್ಕೆ ತರುತ್ತದೆ. ಮೊದಲೇ ಹೊಳೆಯಬೇಕಿತ್ತು. ನಾನು ಬೆಂಕಿಯನ್ನಷ್ಟೇ ನೋಡುತ್ತ ಕೂತಿದ್ದೆ. ಕೂಗುವ ದನಿಯನ್ನು ದಪ್ಪಕ್ಕೆ ತಿರುಗಿಸು, ಸ್ವಿಚ್ ಪೆಟ್ಟಿಗೆಯ ಹಿಂದಿದೆ. ಜೊತೆಗೆ ಒಂದು ಕೆಂಪು ದೀಪ. ಇನ್ನೊಂದು ಸಾಮಾನು ಕಳಿಸುತ್ತಿದ್ದೇನೆ, ಅದನ್ನು ನೀನು ನಿಲ್ಲುವ ಹಲಗೆಯ ಕೆಳಗೆ ಬಿಗಿಸು. ತಪ್ಪು ಕಂಡರೆ ಅದು ಹಲಗೆಯನ್ನು ನಡುಗಿಸುತ್ತದೆ. ನಿನ್ನ ಅಂಗಾಲು ಇನ್ನೂ ಕಿವುಡಾಗಿಲ್ಲವಲ್ಲ.

ಕಿವಿ ಪರೀಕ್ಷೆ ಮಾಡಿಸಿ, ಚೀಟಿಯನ್ನು ನೀನೇ ಕಚೇರಿಗೆ ಕೊಡು. ಕೊಡುವವರೆಗೆ ಚುಕ್ಕಾಣಿ ಮುಟ್ಟಬೇಡ. ಇದು ತಂಗಿಯ ಮಾತಲ್ಲ, ಬ್ಯಾಟರಿ ಉರಿಸುವವಳ ಮಾತು.

ನನಗೆ ಇನ್ನೂ ಹೆದರಿಕೆ ಹೋಗಿಲ್ಲ. ಪ್ರತಿ ಬೆಳಿಗ್ಗೆ ಮೊದಲ ದೋಣಿಯ ಹೊತ್ತಿಗೆ ಎಚ್ಚರವಾಗುತ್ತದೆ.

ನಿನ್ನ ತಂಗಿ


ಜುಲೈ 12

ಪಿಟೀಲು,

ಕಿವಿ ಡಾಕ್ಟರ್ ನನ್ನನ್ನು ಗಾಜಿನ ಕೋಣೆಯಲ್ಲಿ ಕೂರಿಸಿದರು. ಸದ್ದು ಕೇಳಿದರೆ ಕೈ ಎತ್ತಬೇಕು. ದಪ್ಪ ದಪ್ಪ ಸದ್ದು ಬಂದವು, ಎತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಗಾಜಿನಾಚೆ ಅವರ ಬೆರಳು ಗುಂಡಿ ಒತ್ತುತ್ತಲೇ ಇತ್ತು, ಒತ್ತುತ್ತಲೇ ಇತ್ತು. ಕೈ ಎತ್ತಿ ಸುಳ್ಳು ಹೇಳಬಹುದಿತ್ತು. ಮಡಿಲಲ್ಲೇ ಇಟ್ಟುಕೊಂಡೆ. ಅವತ್ತು ನದಿಯಲ್ಲಿ ಹೆದರಿದ್ದಕ್ಕಿಂತ ಆ ಕೋಣೆಯಲ್ಲಿ ಹೆಚ್ಚು ಹೆದರಿದೆ.

ಚೀಟಿ ಕೊಟ್ಟೆ. ಲೈಸೆನ್ಸ್ ತಡೆಹಿಡಿದಿದ್ದಾರೆ. ಪಕ್ಕದಲ್ಲಿ ಕಿವಿ ಸರಿಯಿರುವ ಒಬ್ಬರನ್ನು ಇಟ್ಟುಕೊಂಡು ಓಡಿಸಲು ಬಿಡುತ್ತಾರೋ ಇಲ್ಲವೋ, ಮುಂದಿನ ತಿಂಗಳು ಹೇಳುತ್ತಾರಂತೆ. ಅಲ್ಲಿಯವರೆಗೆ ಮೀನಿನವರಲ್ಲೊಬ್ಬ ಚುಕ್ಕಾಣಿ ಹಿಡಿಯುತ್ತಾನೆ. ನಾನು ಹಗ್ಗ ಕಟ್ಟುತ್ತೇನೆ, ಹಳೆಯ ಕೆಲಸ. ನೀನು ಹೇಳಿದ ಹಾಗೆ ಎರಡು ಪೆಟ್ಟಿಗೆ, ಎರಡು ಕಾವಲುಗಾರ. ಹಲಗೆಯ ಕೆಳಗಿನ ಸಾಮಾನು ಬೀಗದ ಕೈ ತಿರುಗಿಸಿದ ತಕ್ಷಣ ಅಂಗಾಲಿಗೆ ಒದೆಯುತ್ತದೆ. ಮೀನಿನವನು ಮೊದಲ ದಿನ ಹಾರಿಬಿದ್ದ. ಅತ್ತಿಗೆ ಈಗ ಟಿಕೆಟ್ ಗೂಡು ಬಿಟ್ಟು ದೋಣಿಯಲ್ಲೇ ಕೂರುತ್ತಾಳೆ. ಇಷ್ಟು ವರ್ಷ ನನ್ನ ಕಿವಿಯ ಗುಟ್ಟು ಕಾಪಾಡಿದ್ದಕ್ಕೆ ತನಗೆ ತಾನೇ ಹಾಕಿಕೊಂಡ ಶಿಕ್ಷೆಯಂತೆ.

ಒಡ್ಡಿನ ಸದ್ದು ಈಗಲೂ ಕಿವಿಯಲ್ಲಿದೆ. ಅಂಗಿ ಹಿಡಿದಿದ್ದ ಆ ಮಗುವನ್ನು ಮೊನ್ನೆ ಕಂಡೆ. ಮುಂದೆ ಕುಕ್ಕರುಗಾಲಲ್ಲಿ ಕೂತು, "ಅವತ್ತು ಏನು ಕೇಳಿದ್ದೆ?" ಎಂದೆ. ಅದು ನನ್ನ ಕಿವಿಯ ಹತ್ತಿರ ಬಂದು ಹೇಳಿತು. ಕೇಳಿಸಲಿಲ್ಲ. ಇನ್ನೊಂದು ಸಲ ಹೇಳು ಎಂದೆ, ಗಟ್ಟಿಯಾಗಿ ಹೇಳಿತು. "ನಿಮಗೂ ಭಯ ಆಗ್ತಿದೆಯಾ ಅಂತ ಕೇಳ್ದೆ." ಹೌದು ಎಂದೆ. ಅದು ಸಮಾಧಾನವಾದ ಹಾಗೆ ತಲೆಯಾಡಿಸಿ ದೋಣಿ ಹತ್ತಿತು.

ಭಾನುವಾರ ಫೋನ್ ಮಾಡು. ಲೈನು ಸರಿಯಿದೆ, ಯಾವಾಗಲೂ ಸರಿಯಾಗಿಯೇ ಇತ್ತು. ನೀನು ಹೇಳುವುದನ್ನು ಅತ್ತಿಗೆ ಪಕ್ಕದಲ್ಲಿ ಕೂತು ನನ್ನ ಕಿವಿಗೆ ಹೇಳುತ್ತಾಳೆ. ಅದಕ್ಕೂ ಮೊದಲು ಒಂದು ಸಲ ನೀನು ನನಗೇ ಹೇಳು, ನಿನ್ನ ತೆಳ್ಳನೆಯ ದನಿಯಲ್ಲೇ. ಈ ಸಲ ನಾನು "ಆಯ್ತು" ಎನ್ನುವುದಿಲ್ಲ. "ಕೇಳಿಸಲಿಲ್ಲ ಪಿಟೀಲು, ಇನ್ನೊಂದು ಸಲ ಹೇಳು" ಎನ್ನುತ್ತೇನೆ.

ಅಣ್ಣ